ಅರ್ಧಕ್ಕೆ ನಿಂತ ಕೈ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಾರಿಯಲ್ಲಿ ಸೀನುತ್ತ ಹೋಗುವವರಿಗೆ ಎಡಗಡೆ ಹುಲಿಗೇಶನ ಅಂಗಡಿ ಸಿಗುತ್ತದೆ. ಝೆರಾಕ್ಸ್, ಪಹಣಿ, ಆನ್‌ಲೈನ್ ಅರ್ಜಿ, ಮೊಬೈಲ್ ಮತ್ತು ಕಂಪ್ಯೂಟರ್ ರಿಪೇರಿ ಎಂದು ಬೋರ್ಡಿನ ಮೇಲೆ ಬರೆದಿದೆ. ಬರೆಯದ ಕಸುಬೊಂದು ಇತ್ತು, ಅದು ಊರಿಗೆಲ್ಲ ಗೊತ್ತಿತ್ತು. ಬೀಗ ಹಾಕಿದ ವಿಡಿಯೊ ಬಿಚ್ಚುವುದು. ಒಂದೇ ಕಂಪ್ಯೂಟರಿನಲ್ಲಿ ಓಡಬೇಕು, ಬೇರೆಡೆ ಓಡಬಾರದು ಎಂದು ಕಂಪನಿಯವರು ಕಟ್ಟಿಹಾಕಿದ ಫೈಲನ್ನು ಬಿಡಿಸಿ ಮೊಬೈಲಿಗೂ ಟೀವಿಗೂ ಹಾಕಿಕೊಡುವುದರಲ್ಲಿ ಅವನದು ಎತ್ತಿದ ಕೈ. ಈಗ ಯಾರಾದರೂ ಬಂದು ಕೇಳಿದರೆ ತನಗೆ ಬರುವುದಿಲ್ಲ ಎನ್ನುತ್ತಾನೆ. ಜನ ನಂಬುವುದಿಲ್ಲ, ದುಡ್ಡು ಕಂಡ, ಸೊಕ್ಕು ಬಂತು ಎಂದುಕೊಂಡು ಹೋಗುತ್ತಾರೆ. ಸೊಕ್ಕು ಇದ್ದದ್ದು ಮೊದಲು, ಈಗಲ್ಲ.

ಅವನು ಈ ವಿದ್ಯೆ ಕಲಿತದ್ದು ರಾಣೆಬೆನ್ನೂರಿನಲ್ಲಿ, ಫಕ್ಕೀರಸಾಬರ ಸೈಬರ್ ಸೆಂಟರಿನಲ್ಲಿ. ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ ಕಸ ಹೊಡೆಯಲು ಸೇರಿದವನು ಮೀಸೆ ಬರುವ ಹೊತ್ತಿಗೆ ಅಲ್ಲಿನ ಕಂಪ್ಯೂಟರುಗಳಿಗೆಲ್ಲ ವೈದ್ಯನಾಗಿದ್ದ. ಆ ಕಾಲದಲ್ಲಿ ಹಮಾಲರು, ಟೆಂಪೊ ಚಾಲಕರು, ಬೀಜದ ಕಂಪನಿಗೆ ಕೂಲಿಗೆ ಹೋಗುವವರು ಎಲ್ಲರೂ ಮೆಮೊರಿ ಕಾರ್ಡು ಹಿಡಿದುಕೊಂಡು ಸಿನಿಮಾ ತುಂಬಿಸಿಕೊಳ್ಳಲು ಬರುತ್ತಿದ್ದರು. ಕಾರ್ಡು ಸಣ್ಣದು, ಆಸೆ ದೊಡ್ಡದು. ಹಾಗಾಗಿ ಪ್ರತಿ ಸಿನಿಮಾವನ್ನೂ ಹಿಂಡಿ ಹಿಪ್ಪೆ ಮಾಡಿ ತುಂಬಬೇಕಿತ್ತು. ಸೆಕೆಂಡಿಗೆ ಓಡುವ ಚಿತ್ರಗಳಲ್ಲಿ ಅರ್ಧಕ್ಕರ್ಧ ಕಿತ್ತೆಸೆದರೆ ಫೈಲು ಹಗುರಾಗುತ್ತದೆ, ನಾಯಕ ಓಡುವಾಗ ಒಂಚೂರು ಕುಂಟುತ್ತಾನೆ ಅಷ್ಟೆ. ಫಕ್ಕೀರಸಾಬರು ಎಲೆ ಅಡಿಕೆ ಜಗಿಯುತ್ತ ಅವನಿಗೆ ಹೇಳಿಕೊಟ್ಟ ಮೊದಲ ಪಾಠವೇ ಇದು.

“ಪಿಚ್ಚರ್ ಕೆಟ್ರ ಯಾರೂ ಕೇಳಂಗಿಲ್ಲಲೇ. ಆವಾಜ್ ಕೆಟ್ರ ಬಂದು ಕೊಳ್ಳಪಟ್ಟಿ ಹಿಡೀತಾರ.”

ಆ ಮಾತು ಸುಳ್ಳಾದದ್ದನ್ನು ಹುಲಿಗೇಶ ಒಂದು ದಿನವೂ ಕಾಣಲಿಲ್ಲ. ಮಾತು ಕಿವಿಗೆ ಬಿದ್ದರೆ ಸಾಕು, ಕಣ್ಣಿಗೆ ಬಿಟ್ಟುಹೋದದ್ದನ್ನು ಜನ ತಾವೇ ತುಂಬಿಕೊಳ್ಳುತ್ತಾರೆ. ಸೈಬರ್ ಸೆಂಟರ್ ಮುಚ್ಚಿದಾಗ ಫಕ್ಕೀರಸಾಬರು ಒಂದು ಹಳೆಯ ಮಾನಿಟರನ್ನು ಅವನ ಕೈಗಿಟ್ಟು ಬೆನ್ನು ತಟ್ಟಿ ಕಳಿಸಿದರು. ಅದನ್ನೇ ಬಗಲಲ್ಲಿಟ್ಟುಕೊಂಡು ಅವನು ಬ್ಯಾಡಗಿಗೆ ಬಂದು ಅಂಗಡಿ ಹಾಕಿದ. ದೇವರಗುಡ್ಡದ ಪುಷ್ಪಾವತಿಯನ್ನು ಮದುವೆಯಾದ. ಹೆಣ್ಣು ಹುಟ್ಟಿತು. ಅವನ ತಾಯಿ ದೇವವ್ವ ಮೈಲಾರಲಿಂಗನ ಒಕ್ಕಲು, ಮೊಮ್ಮಗಳಿಗೆ ಆ ದೇವರ ಹೆಂಡತಿ ಗಂಗಮಾಳವ್ವನ ಹೆಸರನ್ನೇ ಇಟ್ಟು ದಿನಾ ಬೆಳಿಗ್ಗೆ ಅದರ ಹಣೆಗೆ ಹೆಬ್ಬೆರಳಿನಿಂದ ದೇವರ ಅರಿಶಿನ, ಭಂಡಾರ, ಸವರುತ್ತಿದ್ದಳು. ಮನೆಯಲ್ಲಿ ಕರೆಯುತ್ತಿದ್ದದ್ದು ಮಾಳವ್ವ ಎಂದು. ಕರೆದರೆ ಮಗು ತಿರುಗಿ ನೋಡುತ್ತಿರಲಿಲ್ಲ.

ರಾಣೆಬೆನ್ನೂರಿನ ವೈದ್ಯರು ಕಿವಿ ಪರೀಕ್ಷೆ ಮಾಡಿ, ಒಳಗಿನ ನರವೇ ಬೆಳೆದಿಲ್ಲ, ಮಷೀನಿನಿಂದಲೂ ಆಪರೇಷನ್ನಿನಿಂದಲೂ ಉಪಯೋಗವಿಲ್ಲ ಎಂದರು. ಕೈ ಭಾಷೆ ಕಲಿಸಿ, ಲಗೂನ ಕಲಿಸಿ, ಇಲ್ಲದಿದ್ದರೆ ಮಗು ಒಳಗೊಳಗೇ ಉಳಿದುಬಿಡುತ್ತದೆ ಎಂದೂ ಹೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ ಪುಷ್ಪಾವತಿ ದಾರಿಯುದ್ದಕ್ಕೂ ಅತ್ತಳು. ಹುಲಿಗೇಶ ಅಳಲಿಲ್ಲ. ಮಗಳು ತನ್ನೊಡನೆ ಮಾತಾಡಬೇಕು, ಅದೊಂದು ಆದರೆ ಸಾಕು, ಅದನ್ನು ತಾನೇ ಮಾಡಿ ತೋರಿಸುತ್ತೇನೆ ಎಂದು ಕಿಟಕಿಯ ಸರಳು ಹಿಡಿದುಕೊಂಡು ಕೂತಿದ್ದ.

ಪರವೂರಿನ ಒಂದು ಸಂಸ್ಥೆ ಕೈ ಭಾಷೆಯ ಪಾಠಗಳನ್ನು ಪೆನ್ ಡ್ರೈವಿನಲ್ಲಿ ಮಾರುತ್ತಿತ್ತು. ತರಿಸಿದ. ಪಾಠ ಹೇಳುವ ಹೆಂಗಸು ಹಸಿರು ಸೀರೆ ಉಟ್ಟು ನಿಂತಿರುತ್ತಿದ್ದಳು, ಕೆಳಗೆ ಕನ್ನಡ ಅಕ್ಷರದಲ್ಲಿ ಅದರ ಅರ್ಥ ಮೂಡುತ್ತಿತ್ತು. ಆದರೆ ಬೀಗ ಬಿಗಿಯಾಗಿತ್ತು. ಮೊದಲು ಯಾವ ಕಂಪ್ಯೂಟರಿನಲ್ಲಿ ತೆರೆದರೋ ಅದರಲ್ಲಿ ಮಾತ್ರ, ಅದೂ ಅವರದೇ ಪ್ಲೇಯರಿನಲ್ಲಿ ಮಾತ್ರ ಅದು ಓಡಬೇಕು. ಕದ್ದು ಹಂಚಿದರೆ ಗೊತ್ತಾಗಲಿ ಎಂದು ಕೊಂಡವರ ಮೊಬೈಲ್ ನಂಬರು ಚಿತ್ರದ ಮೇಲೆ ಅತ್ತಿತ್ತ ತೇಲಾಡುತ್ತಿತ್ತು. ಇಷ್ಟಾಗಿ ಫಕ್ಕೀರಸಾಬರು ಕೊಟ್ಟ ಮಾನಿಟರಿನಲ್ಲಿ ಚಿತ್ರ ನೋಡಿದರೆ ಮಬ್ಬು, ಬೆಳಗಿನ ಮಂಜಿನಲ್ಲಿ ಯಾರೋ ಕೈ ಬೀಸಿದಂತೆ.

ಸಂಸ್ಥೆಗೆ ಫೋನು ಮಾಡಿದ. ಅಲ್ಲಿನ ಹುಡುಗಿ ಯಾವ ಮಾನಿಟರ್ ಎಂದು ಕೇಳಿಕೊಂಡು, ನಿಮ್ಮ ಮಾನಿಟರೂ ಅದರ ಕೇಬಲ್ಲೂ ಹಳೆಯವು, ಅಂಥ ಕಡೆ ಕಳ್ಳ ಕಾಪಿ ಸುಲಭವಾದ್ದರಿಂದ ನಮ್ಮ ಪ್ಲೇಯರ್ ಬೇಕೆಂದೇ ಚಿತ್ರವನ್ನು ಮಬ್ಬು ಮಾಡುತ್ತದೆ, ಎರಡನ್ನೂ ಬದಲಾಯಿಸಿದರೆ ಸ್ಪಷ್ಟವಾಗಿ ಕಾಣುತ್ತದೆ ಎಂದಳು. ಹುಲಿಗೇಶ ಫೋನಿಟ್ಟು ನಕ್ಕುಬಿಟ್ಟ. ಕಂಪ್ಯೂಟರಿನ ಹೊಟ್ಟೆಯಲ್ಲೇ ಬೆಳೆದವನಿಗೆ ಈಕೆ ಪಾಠ ಹೇಳುತ್ತಾಳೆ, ಹೊಸ ಮಾನಿಟರ್ ಮಾರುವ ಆಟ ಇದು ಎಂದುಕೊಂಡ. ಅವನಿಗೆ ಬೇಕಾದದ್ದು ಬೇರೆಯೇ ಇತ್ತು. ತಾಯಿ, ಹೆಂಡತಿ, ಮಗಳು ಮೂವರೂ ದಿನಾ ಬಂದು ಗಂಡಸರ ನಡುವೆ ಅಂಗಡಿಯಲ್ಲಿ ಕೂತು ಕಲಿಯುವುದು ಆಗದ ಮಾತು. ಪಾಠ ಮನೆಯ ಟೀವಿಗೆ ಬರಬೇಕಿತ್ತು. ಅಂದರೆ ಬೀಗ ಒಡೆಯಬೇಕಿತ್ತು.

ಒಡೆದ. ಪರದೆಯನ್ನು ರೆಕಾರ್ಡ್ ಮಾಡಹೊರಟರೆ ಪ್ಲೇಯರ್ ಕಪ್ಪಾಗುತ್ತಿತ್ತು. ಹಟಕ್ಕೆ ಬಿದ್ದು ಹಳೆಯ ಸಾಫ್ಟ್‌ವೇರ್ ಒಂದನ್ನು ಹುಡುಕಿ ಪ್ಲೇಯರಿನ ಕಣ್ಣಿಗೆ ಮಣ್ಣೆರಚಿದ. ಆ ಸಾಫ್ಟ್‌ವೇರ್ ಸೆಕೆಂಡಿಗೆ ನಾಲ್ಕೈದು ಚಿತ್ರ ಹಿಡಿದರೆ ಹೆಚ್ಚು. ಮನೆಯ ಟೀವಿಗೆ ದೊಡ್ಡ ಫೈಲು ಕೊಟ್ಟರೆ ಅದು ಸುಮ್ಮನೆ ಮುಖ ತಿರುಗಿಸುತ್ತಿತ್ತು. ಹಾಗಾಗಿ ಹಮಾಲರ ಸಿನಿಮಾಗಳಿಗೆ ಮಾಡಿದ್ದನ್ನೇ ಇದಕ್ಕೂ ಮಾಡಿದ. ಹಾಗೆ ಹಿಡಿದ ಮಬ್ಬು ಚಿತ್ರಗಳಲ್ಲೂ ಅರ್ಧಕ್ಕರ್ಧ ಕಿತ್ತೆಸೆದ. ಟೀವಿಯಲ್ಲಿ ಪಾಠ ಓಡಿತು. ದೇವವ್ವ ಮಗನ ಮುಖಕ್ಕೆ ಕೈ ಇಳಿಸಿ ಲಟಿಕೆ ಮುರಿದಳು. ಅವತ್ತು ಹುಲಿಗೇಶನಿಗಾದ ಹೆಮ್ಮೆ ಅವನ ಜನ್ಮದಲ್ಲಿ ಮತ್ತೆ ಆಗಿಲ್ಲ.

ಟೀವಿಯೊಳಗಿನ ಹೆಂಗಸಿನ ಕೈ ಕೆನ್ನೆಯ ಹತ್ತಿರ ಕಾಣುತ್ತಿತ್ತು, ನಿಲ್ಲುತ್ತಿತ್ತು, ಮರುಕ್ಷಣ ಸೊಂಟದ ಹತ್ತಿರ ಇರುತ್ತಿತ್ತು. ನಡುವೆ ಅದು ಹೇಗೆ ಹೋಯಿತು, ತಿರುಗಿತೋ, ಬಳುಕಿತೋ, ಬೆರಳು ಮಡಚಿತೋ, ಅದೆಲ್ಲ ಹುಲಿಗೇಶ ಕಿತ್ತೆಸೆದ ಚಿತ್ರಗಳ ಜೊತೆ ಹೋಗಿತ್ತು. ಮನೆಯವರು ಕಂಡದ್ದನ್ನೇ ಕಲಿತರು. ಕೆನ್ನೆಯ ಹತ್ತಿರ ಕೈ ಒಯ್ದು ನಿಲ್ಲಿಸುವುದು, ಆಮೇಲೆ ಸೊಂಟಕ್ಕೆ ತರುವುದು. ಹೆಂಗಸಿನ ಮುಖ ಮಬ್ಬಿನಲ್ಲಿ ಒಂದು ಬಿಳಿ ಕಲೆ, ಅದರ ಮೇಲೆ ಬಹಳ ಹೊತ್ತು ಹುಲಿಗೇಶನದೇ ಮೊಬೈಲ್ ನಂಬರು ಕೂತಿರುತ್ತಿತ್ತು. ಆದ್ದರಿಂದ ಕೈ ಭಾಷೆಯಲ್ಲಿ ಮುಖಕ್ಕೇನೂ ಕೆಲಸವಿಲ್ಲ ಎಂದೇ ಅವರು ತಿಳಿದರು. ಮಾಳವ್ವ ಮೊದಮೊದಲು ಹುಬ್ಬು ಹಾರಿಸುತ್ತಿದ್ದಳು, ತುಟಿ ಚಾಚುತ್ತಿದ್ದಳು, ಕಣ್ಣು ಅಗಲಿಸುತ್ತಿದ್ದಳು. ಹೆಣ್ಣು ಕೂಸು ಮುಖ ಸೊಟ್ಟ ಮಾಡಬಾರದೆಂದು ದೇವವ್ವ ಗದರಿದಳು. ಪುಷ್ಪಾವತಿ ಒಂದೆರಡು ಸಲ ಕೆನ್ನೆಗೆ ಕೊಟ್ಟಳು. ಟೀವಿಯ ಹೆಂಗಸನ್ನು ತೋರಿಸಿ, ನೋಡು, ಆಕೆ ಹೇಗೆ ಗಂಭೀರವಾಗಿದ್ದಾಳೆ ಎಂದು ಬುದ್ಧಿ ಹೇಳಿದರು. ಮಗು ಕಲಿತುಕೊಂಡಿತು.

ಮೂವರು ದೊಡ್ಡವರು, ಒಂದು ಮಗು, ನಾಲ್ವರ ಕೈಯಲ್ಲೂ ಒಂದೇ ಭಾಷೆ. ಊಟ, ನೀರು, ನಾಳೆ, ಅಂಗಡಿ, ಅಮ್ಮ, ನೋವು, ಮಲಗು. ಮಾಳವ್ವನ ಹೆಸರಿಗೆ ಹಣೆಯ ಮೇಲೆ ಹೆಬ್ಬೆರಳು ಸವರಿದರೆ ಆಯಿತು, ದೇವವ್ವನ ಭಂಡಾರದ ಹಾಗೆ. ಮನೆಗೆ ಬಂದವರು ಕಣ್ಣರಳಿಸಿ ನೋಡುತ್ತಿದ್ದರು. ಎಷ್ಟು ಶಾಣ್ಯಾ ಹುಡುಗಿ, ಏನೂ ಕೇಳುವುದಿಲ್ಲ, ಹಟವಿಲ್ಲ, ಕೊಟ್ಟದ್ದು ತಿಂದು ಹೇಳಿದಲ್ಲಿ ಕೂರುತ್ತದೆ ಎನ್ನುತ್ತಿದ್ದರು. ಹುಲಿಗೇಶನಿಗೆ ಎದೆಯುಬ್ಬುತ್ತಿತ್ತು.

ಒಮ್ಮೆ ಪುಷ್ಪಾವತಿ ಮೊಬೈಲಿನಲ್ಲಿ ಯಾವುದೋ ಪುಕ್ಕಟೆ ವಿಡಿಯೊ ನೋಡಿ ಗಂಡನಿಗೆ ತೋರಿಸಿದಳು. ಅದರಲ್ಲಿ ಕೈಗಳು ಎಲ್ಲೂ ನಿಲ್ಲುತ್ತಿರಲಿಲ್ಲ, ಹರಿಯುತ್ತಿದ್ದವು. ತಾವು ಕಲಿತದ್ದು ಎಲ್ಲೋ ತಪ್ಪಿರಬಹುದೇ ಎಂದು ಅವಳಿಗೆ ಅನುಮಾನ. ಹುಲಿಗೇಶ ಅರ್ಧ ನಿಮಿಷ ನೋಡಿ ಮೊಬೈಲನ್ನು ಮಗುಚಿ ಇಟ್ಟ.

“ಅವರದು ಬೆಂಗಳೂರ ಕಡೀದು ಇರಬೇಕು. ನಾವು ಮಾತಾಡೋದರ ಅವರಂಗ ಐತೇನು? ಕೈ ಮಾತೂ ಹಂಗ. ನಮ್ಮ ಕಡೀದು ನಮಗ.”

ಅವಳಿಗೆ ಅದು ಸರಿ ಎನಿಸಿತು. ಯಾಕೆ ಅನಿಸಬಾರದು? ಮೈಸೂರಿನ ಕಡೆಯವರು ತಮ್ಮ ಮಾತು ಕೇಳಿ ನಗುವುದನ್ನೂ, ಪುಸ್ತಕದ ಕನ್ನಡ ಒಂದು, ಮನೆಯ ಕನ್ನಡ ಇನ್ನೊಂದು ಇರುವುದನ್ನೂ ಹುಟ್ಟಿದಾಗಿನಿಂದ ಕಂಡವರು ಅವರು. ತಮ್ಮದು ಬೇರೆ ಕಂಡಿತೆಂದರೆ ಅದು ತಪ್ಪಲ್ಲ, ತಮ್ಮ ಕಡೆಯದು ಅಷ್ಟೆ. ಆ ಧೈರ್ಯ ಎಲ್ಲ ಕಡೆಯೂ ಒಳ್ಳೆಯದೇ, ಇಲ್ಲೊಂದು ಕಡೆ ಅವರ ಮನೆ ಮುಳುಗಿಸಿತು.

ಮೊಮ್ಮಗಳನ್ನು ಹಾಸ್ಟೆಲ್ಲಿಗೆ ಬಿಡಲು ದೇವವ್ವ ಒಪ್ಪಿರಲಿಲ್ಲ. ಊರಿನ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಮಾಳವ್ವ ಅಕ್ಷರಗಳನ್ನು ಚಿತ್ರದ ಹಾಗೆ ಬರೆದುಕೊಂಡು ಬರುತ್ತಿದ್ದಳು. ದೇವವ್ವ ತೀರಿಕೊಂಡ ಮೇಲೆ, ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ತನ್ನಂಥವರ ಜೊತೆ ಬೆರೆಯಲಿ ಎಂದು ಹಾವೇರಿಯಲ್ಲಿದ್ದ ಕಿವುಡ ಮಕ್ಕಳ ವಸತಿಶಾಲೆಗೆ ಸೇರಿಸಿದರು. ಬಿಟ್ಟು ಬರುವಾಗ ಹುಲಿಗೇಶ ಗತ್ತಿನಿಂದಲೇ ಹೇಳಿದ, ಕೈ ಭಾಷೆ ಪೂರ್ತಿ ಬರುತ್ತದೆ, ಹೊಸದಾಗಿ ಕಲಿಸುವ ಕೆಲಸವಿಲ್ಲ ಎಂದು.

ಸ್ವಲ್ಪ ದಿನಕ್ಕೆ ಅಲ್ಲಿನ ಶಿಕ್ಷಕಿ ಪದ್ಮಜಾ ಫೋನು ಮಾಡಿ ಗಂಡ ಹೆಂಡತಿಯನ್ನು ಕರೆಸಿಕೊಂಡರು. ಕುರ್ಚಿ ಹಾಕಿ, ಚಹಾ ತರಿಸಿ, ಕಪ್ಪು ತಿರುಗಿಸುತ್ತ ಮಾತಿಗೆ ಕೈ ಹಾಕಿದರು.

“ಬ್ಯಾಸರ ಮಾಡ್ಕೋಬ್ಯಾಡ್ರಿ, ಒಂದು ಕೇಳ್ತೀನಿ. ಹುಡುಗಿಗೆ ನರದ್ದು ಏನರ ತ್ರಾಸ ಅದ ಏನ್ರಿ? ಕೈ ಎತ್ತಿದ್ದು ನಡುವ ನಿಂತುಬಿಡ್ತದ.”

ಹುಲಿಗೇಶನಿಗೆ ಸಿಟ್ಟು ಬಂತು. ಮಗಳಿಗೆ ಏನೂ ಆಗಿಲ್ಲ, ನಿಮಗೆ ನಮ್ಮ ಕಡೆಯ ಕೈ ಮಾತು ತಿಳಿಯದಿರಬಹುದು ಎಂದ. ಪದ್ಮಜಾ ಎದುರಾಡಲಿಲ್ಲ. ಇಲ್ಲಿನ ಮಕ್ಕಳು ಅಗಡಿಯವರು, ಕಾಗಿನೆಲೆಯವರು, ಎಲ್ಲ ನಮ್ಮ ಕಡೆಯವರೇ, ಅವರಿಗೂ ಈಕೆಯ ಮಾತು ತಿಳಿಯುತ್ತಿಲ್ಲ, ಅವರದು ಈಕೆಗೂ ತಿಳಿಯುತ್ತಿಲ್ಲ, ಮಕ್ಕಳು ಆಟಕ್ಕೂ ಸೇರಿಸಿಕೊಳ್ಳುತ್ತಿಲ್ಲ ಎಂದರು. ಮುಖದಲ್ಲಿ ಏನೂ ಆಡುವುದಿಲ್ಲ, ಕೈ ಭಾಷೆಯಲ್ಲಿ ಪ್ರಶ್ನೆ ಇರುವುದೇ ಹುಬ್ಬಿನಲ್ಲಿ, ಸಿಟ್ಟು, ತಮಾಷೆ, ಸಂಶಯ ಎಲ್ಲ ಮುಖದಲ್ಲಿ ಎಂದು ತಾವೇ ಮಾಡಿ ತೋರಿಸಿದರು. ಆಮೇಲೆ ಮೆಲ್ಲಗೆ ಹೇಳಿದರು.

“ಆಕಿಗೆ ಪ್ರಶ್ನೆ ಕೇಳ್ಲಿಕ್ಕೇ ಬರೂದಿಲ್ರಿ. ಇಷ್ಟು ವರ್ಷ ಮನ್ಯಾಗ ನಿಮ್ಮನ್ನ ಏನೂ ಕೇಳೇ ಇಲ್ಲೇನು?”

ಪುಷ್ಪಾವತಿ ಗಂಡನ ಮುಖ ನೋಡಿದಳು. ಇಬ್ಬರಿಗೂ ಒಂದೇ ಒಂದು ಪ್ರಶ್ನೆ ನೆನಪಾಗಲಿಲ್ಲ. ಅಜ್ಜಿ ಸತ್ತ ದಿನ ಕೂಡ ಮಾಳವ್ವ ಹೆಣದ ಹತ್ತಿರ ಕೂತು ತನ್ನ ಹಣೆಯನ್ನು ತಾನೇ ಸವರಿಕೊಂಡಿದ್ದಳು, ಅಷ್ಟೆ. ಅಜ್ಜಿ ಎಲ್ಲಿ, ಯಾಕೆ ಏಳುವುದಿಲ್ಲ, ನಾಳೆ ಬರುತ್ತಾಳೋ ಎಂದು ಕೇಳಿರಲಿಲ್ಲ. ಶಾಣ್ಯಾ ಹುಡುಗಿ ಎಂದು ಬಂದವರು ಅಂದಿದ್ದರು.

ಮರುದಿನ ಹುಲಿಗೇಶ ಅಂಗಡಿಯಲ್ಲಿ ಮೊದಲು ಪಾಠ ತೆರೆದಿದ್ದ ಆ ಹಳೆಯ ಸಿಪಿಯುವನ್ನು ಗೋಣಿಚೀಲದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೆಂಡತಿಯ ಜೊತೆ ಮೋಟೆಬೆನ್ನೂರ ಮೇಲಿನ ಬಸ್ಸಿನಲ್ಲಿ ಹಾವೇರಿಗೆ ಹೋದ. ತಪ್ಪು ಆ ಸಂಸ್ಥೆಯದು, ಪಾಠವೇ ಕೆಟ್ಟದ್ದು ಎಂದು ತೋರಿಸಬೇಕಿತ್ತು ಅವನಿಗೆ. ಶಾಲೆಯ ಕೋಣೆಯಲ್ಲಿ ಹೊಸ ದೊಡ್ಡ ಪರದೆ ಇತ್ತು. ಸಿಪಿಯುವಿನ ಬೆನ್ನಿನಲ್ಲಿ ಎಂದೂ ಬಳಸದ, ಚಪ್ಪಟೆ ಬಾಯಿಯ ಕಿಂಡಿಯೊಂದು ಧೂಳು ಹಿಡಿದು ಕೂತಿತ್ತು. ಉಫ್ ಎಂದು ಊದಿ, ಅದರಿಂದ ಶಾಲೆಯ ಪರದೆಗೆ ಹೊಸ ಕೇಬಲ್ ಹಾಕಿದ. ಮೂಲ ಪೆನ್ ಡ್ರೈವ್ ಸಿಕ್ಕಿಸಿದ. ಬೀಗಕ್ಕೆ ತನ್ನ ಕಂಪ್ಯೂಟರಿನ ಗುರುತು ಸಿಕ್ಕಿತು, ಪಾಠ ತೆರೆಯಿತು.

ಹಸಿರು ಸೀರೆಯ ಹೆಂಗಸು ಕಣ್ಣೆದುರಿಗೆ ನಿಂತಿದ್ದಳು. ಸೀರೆಗೆ ಸಣ್ಣ ಅಂಚಿತ್ತು, ಕೈಯಲ್ಲಿ ಬಳೆಗಳಿದ್ದವು. ಕೆನ್ನೆಯಿಂದ ಸೊಂಟದವರೆಗೆ ಅವಳ ಕೈ ಒಮ್ಮೆಯೂ ನಿಲ್ಲಲಿಲ್ಲ. ಬೆರಳುಗಳು ದಾರಿಯಲ್ಲಿ ಮಡಚಿಕೊಂಡವು, ಬಿಚ್ಚಿಕೊಂಡವು, ಮಣಿಕಟ್ಟು ಮಗ್ಗುಲಾಯಿತು. ಮೊಬೈಲ್ ನಂಬರು ತೆಳ್ಳಗೆ ತೇಲಿಹೋಗುತ್ತಿತ್ತು, ಅದರ ಹಿಂದೆ ಅವಳ ಹುಬ್ಬು ಏರಿದ್ದು, ತಲೆ ಒಂದಿಷ್ಟು ಮುಂದೆ ಬಾಗಿದ್ದು ಕಾಣುತ್ತಿತ್ತು. ಸಂಸ್ಥೆಯ ಹುಡುಗಿ ಫೋನಿನಲ್ಲಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಪುಷ್ಪಾವತಿ ಹತ್ತಿರ ಹೋಗಿ ಆ ಮುಖದ ಮೇಲೆ ಕೈಯಿಟ್ಟಳು.

“ಈಕಿ ನಗಾಕತ್ತಾಳ್ರೀ,” ಎಂದಳು. ಕೈ ತೆಗೆಯದೆ, “ಮಾರಿ ಸೊಟ್ಟ ಮಾಡಬ್ಯಾಡ ಅಂತ ಹೊಡದೇನ್ರಿ ನಾನು ಕೂಸಿಗೆ,” ಎಂದಳು.

ಪದ್ಮಜಾ ಇಬ್ಬರನ್ನೂ ಬೈಯಲಿಲ್ಲ. ಬೈದಿದ್ದರೆ ಹುಲಿಗೇಶನಿಗೆ ಒಂದಿಷ್ಟು ಹಗುರಾಗುತ್ತಿತ್ತೇನೊ. ಸಿನಿಮಾ ನೋಡುವವನಿಗೆ ಚಿತ್ರ ಕೆಟ್ಟರೂ ಮಾತು ಉಳಿಯುತ್ತದೆ. ತನ್ನ ಮಗಳಿಗೆ ಚಿತ್ರವೇ ಮಾತಾಗಿತ್ತು. ಫಕ್ಕೀರಸಾಬರು ಹೇಳಿಕೊಟ್ಟದ್ದು ಕಿವಿ ಇದ್ದವರ ಲೆಕ್ಕ, ಅದನ್ನು ತಾನು ಕಿವಿಯಿಲ್ಲದ ಕೂಸಿಗೆ ಹಚ್ಚಿದ್ದ. ಹಮಾಲರ ನಾಯಕನನ್ನು ಕುಂಟಿಸಿದ ಹಾಗೆ ತನ್ನ ಮಗಳ ಮಾತನ್ನು ಕುಂಟಿಸಿದ್ದ, ಅದೂ ಬೀಗ ಮುರಿದ ಹೆಮ್ಮೆಯಲ್ಲಿ. ವಾಪಸು ಬರುವಾಗ ಈ ಸಲ ಅತ್ತವನು ಅವನು. ಪಕ್ಕದ ಸೀಟಿನವನು ಮೆಣಸಿನಕಾಯಿ ಘಾಟೆಂದು ತಿಳಿದು ಕಿಟಕಿ ಹಾಕಿದ.

ಮಾಳವ್ವ ಅಲ್ಲಿ ಮೊದಲಿನಿಂದ ಕಲಿಯತೊಡಗಿದಳು. ಮಕ್ಕಳ ಕೈ ಬೇಗ ಬಗ್ಗುತ್ತದೆ. ಪುಷ್ಪಾವತಿಯೂ ಮೊಬೈಲು ಇಟ್ಟುಕೊಂಡು ಅಡಿಗೆಯ ನಡುವೆ ನಾಲ್ಕು ಮಾತು ಹೊಸದಾಗಿ ಕೂಡಿಸಿಕೊಂಡಳು. ಹುಲಿಗೇಶನೂ ಕೂತ. ಕೆನ್ನೆಯಿಂದ ಸೊಂಟಕ್ಕೆ ಕೈ ಇಳಿಸಲು ಹೋದರೆ ಅದು ತಾನಾಗಿಯೇ ನಡುವೆ ನಿಲ್ಲುತ್ತಿತ್ತು. ವರ್ಷಗಟ್ಟಲೆ ಮಗಳೊಡನೆ ಮಾತಾಡಿ ಮಾತಾಡಿ ಹಾಗೆ ಕೂತುಬಿಟ್ಟ ಕೈ. ಎಡಗೈಯಿಂದ ಬಲಗೈ ಹಿಡಿದು ಎಳೆದು ನೋಡಿದ. ಬಿಟ್ಟರೆ ಮತ್ತೆ ಅಲ್ಲೇ ನಿಲ್ಲುತ್ತಿತ್ತು.

ದಸರೆಯ ರಜೆಗೆ ಮಾಳವ್ವ ಮನೆಗೆ ಬಂದಳು. ಮೈ ತುಂಬಿದ್ದಳು, ಜಡೆ ಬೇರೆ ತರಹ ಹಾಕಿಕೊಂಡಿದ್ದಳು. ಶಾಲೆಯಲ್ಲಿ ಗೆಳತಿಯರು ಅವಳಿಗೆ ಬೇರೆ ಹೆಸರು ಕೊಟ್ಟಿದ್ದರು, ಗಲ್ಲದ ಮೇಲೆ ಬೆರಳು ತಿರುಗಿಸುವುದು. ಹುಲಿಗೇಶ ಹಣೆ ಸವರಿ ಕರೆದರೆ ಒಂದು ಕ್ಷಣ ತಡೆದು ಬರುತ್ತಿದ್ದಳು. ತಾಯಿಯ ಹತ್ತಿರ ಕೂತು ಅವಳ ಬೆರಳುಗಳನ್ನು ಹಿಡಿದು ತಿದ್ದುತ್ತಿದ್ದಳು. ಪುಷ್ಪಾವತಿ ಏನೋ ತಪ್ಪು ಮಾಡಿದರೆ ಮಗಳ ಮುಖವೆಲ್ಲ ನಗೆಯಾಗುತ್ತಿತ್ತು. ಅಂಗಡಿಗೆ ಹೋಗುವಾಗ ಚಪ್ಪಲಿ ಮೆಟ್ಟುತ್ತ ಹುಲಿಗೇಶ ಅದನ್ನು ಬಾಗಿಲಿನಿಂದಲೇ ನೋಡಿಕೊಂಡು ಹೋಗುತ್ತಿದ್ದ.

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಪುಷ್ಪಾವತಿ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಮಾಳವ್ವ ಗೋಡೆಗೆ ಮೊಬೈಲು ಆನಿಸಿ ಕಾಗಿನೆಲೆಯ ಗೆಳತಿಯೊಬ್ಬಳಿಗೆ ವಿಡಿಯೊ ಕಾಲ್ ಮಾಡಿದ್ದಳು. ಅವಳ ಕಣ್ಣಲ್ಲಿ ನೀರಿತ್ತು, ಕೈಗಳು ಬಿರುಸಾಗಿ ಆಡುತ್ತಿದ್ದವು. ಹುಲಿಗೇಶನ ಓಣಿಯಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ. ಗೆಳತಿಯ ಚಿತ್ರ ಒಮ್ಮೆಲೆ ನಿಂತುಬಿಟ್ಟಿತು, ಕೈ ಅರ್ಧ ಎತ್ತಿದಂತೆಯೇ. ಮಾಳವ್ವ ತನ್ನ ಕೈ ಇಳಿಸಿ ಕಾದಳು. ಚಿತ್ರ ಮತ್ತೆ ಅಲುಗಾಡಿದಾಗ ಹುಬ್ಬು ಹಾರಿಸಿ, ಕಾಣಲಿಲ್ಲ, ಇನ್ನೊಮ್ಮೆ ಹೇಳು ಎಂದಳು. ಅಷ್ಟು ಮಾತ್ರ ಬಾಗಿಲಲ್ಲಿ ನಿಂತ ಹುಲಿಗೇಶನಿಗೂ ತಿಳಿಯಿತು. ನಿಂತ ಚಿತ್ರ ಮಾತಲ್ಲ ಎಂದು ಆ ಕೂಸಿಗೆ ಗೊತ್ತಿತ್ತು. ಇನ್ನೊಮ್ಮೆ ಹೇಳು ಎಂದು ಕೇಳಬೇಕೆಂದು ಗೊತ್ತಿತ್ತು. ಅದನ್ನು ಕೇಳುವ ಬುದ್ಧಿ ತನಗೆ ಅಷ್ಟು ವರ್ಷದಲ್ಲಿ ಒಂದು ದಿನವೂ ಬಂದಿರಲಿಲ್ಲ.

ಕಾಲ್ ಮುಗಿಯಿತು. ಹುಲಿಗೇಶ ಅವಳೆದುರು ಕುಕ್ಕರಗಾಲಿನಲ್ಲಿ ಕೂತು, ಏನಾಯಿತು, ಯಾಕೆ ಅಳು ಎಂದು ತನಗೆ ಬಂದ ಹಾಗೆ ಕೇಳಿದ. ಮಾಳವ್ವ ಕಣ್ಣೊರೆಸಿಕೊಂಡು ಹೇಳತೊಡಗಿದಳು. ಅಜ್ಜಿಯ ಫೋಟೊ ಕಡೆಗೆ ಒಮ್ಮೆ ಕೈ ಹೋಯಿತು, ತನ್ನ ಎದೆಯ ಕಡೆಗೆ ಒಮ್ಮೆ, ಅವನ ಕಡೆಗೆ ಒಮ್ಮೆ. ಕೊನೆಗೆ ಹುಬ್ಬು ಏರಿಸಿ, ತಲೆ ಮುಂದೆ ಬಾಗಿಸಿ ಕಾದಳು. ಅದು ಪ್ರಶ್ನೆ, ಮಗಳು ಹುಟ್ಟಿದಾಗಿನಿಂದ ತನ್ನನ್ನು ಕೇಳಿದ ಮೊದಲ ಪ್ರಶ್ನೆ. ಪ್ರಶ್ನೆ ಎಂದು ಅವನಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಅವನು ತಲೆಯಾಡಿಸಿದ. ಮಾಳವ್ವ ನಿಧಾನವಾಗಿ ಮತ್ತೊಮ್ಮೆ ಕೇಳಿದಳು. ಕೈ ಮುಗಿಯುವ ಹಾಗೆ ಮಾಡಿ ಅವನೇ ಇನ್ನೊಮ್ಮೆ ಹೇಳೆಂದ. ಇನ್ನೊಮ್ಮೆಯೂ ಹೇಳಿದಳು. ಅವನ ಕೈ ಉತ್ತರಕ್ಕೆಂದು ಎದ್ದು ಕೆನ್ನೆಯ ಹತ್ತಿರ ಹೋಗಿ ಅಲ್ಲಿಯೇ ನಿಂತಿತು.

ಮಾಳವ್ವ ಆ ಕೈಯನ್ನು ನೋಡಿದಳು. ಏರಿಸಿದ್ದ ಹುಬ್ಬನ್ನು ಇಳಿಸಿದಳು. ಮನೆಯವರು ಚಿಕ್ಕಂದಿನಲ್ಲಿ ಕಲಿಸಿದ್ದಂತೆ ಮುಖದ ಮೇಲಿದ್ದುದನ್ನೆಲ್ಲ ಒರೆಸಿ ಖಾಲಿ ಮಾಡಿದಳು. ಆಮೇಲೆ ಕೈಯೆತ್ತಿ ಅರ್ಧಕ್ಕೆ ನಿಲ್ಲಿಸಿ, ಇಳಿಸಿ, ಮತ್ತೆ ಎತ್ತಿ ಅರ್ಧಕ್ಕೆ ನಿಲ್ಲಿಸಿ, ಏನಿಲ್ಲ, ಊಟ ಮಾಡು ಎಂದಳು.

ಅದು ಹುಲಿಗೇಶನಿಗೆ ಪೂರ್ತಿ ತಿಳಿಯಿತು.